ಮೂರ್ಛೆ ಹೋದ ಮಗುವಿಗೆ ಒಂದು ಇಸಿಜಿ



ಓಡುತ್ತಿದ್ದ ಮಗು ಸಟ್ಟನೆ ನೆಲಕ್ಕೆ ಬಿದ್ದು, ಮೈ ಸೆಟೆದು, ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಎದ್ದು ಕುಳಿತರೆ ನಮ್ಮ ಊರುಗಳಲ್ಲಿ ಅದಕ್ಕೆ ಮೂರು ಹೆಸರುಗಳುಂಟು. ಹಿರಿಯರು ಗಾಳಿ ಸೋಂಕಿತೆನ್ನುತ್ತಾರೆ. ಓದಿದವರು ಫಿಟ್ಸ್ ಎನ್ನುತ್ತಾರೆ. ನನ್ನಂತಹ ಆಯುರ್ವೇದ ವೈದ್ಯರು ಅಪಸ್ಮಾರ ಎನ್ನುತ್ತೇವೆ. ಕೆಲವು ಮಕ್ಕಳ ವಿಷಯದಲ್ಲಿ ಈ ಮೂರೂ ಹೆಸರುಗಳು ತಪ್ಪಾಗಿರುತ್ತವೆ. ಅಲ್ಲಿ ದೋಷವಿರುವುದು ಹೃದಯದ ನಡಿಗೆಯಲ್ಲಿ. ಅದು ತಂದೆತಾಯಿಗಳಿಂದ ಬೀಜದಲ್ಲಿಯೇ ಬಂದ ದೋಷ. ಹೀಗೆ ಬಿದ್ದ ಮಗುವಿಗೆ ಬೇರಾವ ಚಿಕಿತ್ಸೆಗೂ ಮೊದಲು ಒಂದು ಇಸಿಜಿ ತೆಗೆಸಬೇಕು, ಅದರಲ್ಲಿ ಒಂದು ನಿರ್ದಿಷ್ಟ ಅಳತೆಯನ್ನು ನೋಡಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಆದಕಾರಣ ಆ ತಪ್ಪನ್ನೇ ಮೊದಲು ನಿವೇದಿಸಿಕೊಳ್ಳುತ್ತೇನೆ.

ನಾನು ಊರ್ಡಿಗೆರೆಯಲ್ಲಿ ವೃತ್ತಿ ಆರಂಭಿಸಿ ಸುಮಾರು ಹತ್ತು ವರ್ಷಗಳಾಗಿದ್ದ ಕಾಲ. ಹೋಬಳಿಯ ಒಂದು ಹಳ್ಳಿಯಿಂದ ರೈತ ದಂಪತಿಗಳು 7 ವರ್ಷದ ಮಗನನ್ನು ಕರೆತಂದರು. ಹುಡುಗನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಆದ್ದರಿಂದ ಮಾತೂ ಬಂದಿರಲಿಲ್ಲ. ಆಟದಲ್ಲಿ ಜೋರಾಗಿ ಓಡಿದಾಗ, ನಾಯಿ ಅಟ್ಟಿಸಿಕೊಂಡು ಬಂದಾಗ, ಹಟಹಿಡಿದು ಅತ್ತಾಗ ಬೀಳುತ್ತಿದ್ದನಂತೆ. ಬಿದ್ದಾಗ ಕೈಕಾಲು ಅದುರುವುದು, ಕೆಲವೊಮ್ಮೆ ಬಟ್ಟೆಯಲ್ಲಿಯೇ ಮೂತ್ರವಾಗುವುದು ಇದ್ದವು. "ಇವನ ಅಕ್ಕನೂ ಹಿಂಗೇ ಬೀಳ್ತಿದ್ಲು ಸ್ವಾಮಿ, ಅವಳಿಗೂ ಕಿವಿ ಕೇಳ್ತಿರಲಿಲ್ಲ, ನಾಕು ವರ್ಷಕ್ಕೇ ಹೋಗ್ಬಿಟ್ಲು" ಎಂದರು ತಾಯಿ. ಗಂಡ ಆಕೆಗೆ ಸೋದರಮಾವನಾಗಬೇಕು. ಇಷ್ಟೆಲ್ಲವನ್ನೂ ಆ ತಾಯಿ ನನ್ನ ಮುಂದೆ ಇಟ್ಟಿದ್ದರು. ನಾನು ಕೇಳಿಸಿಕೊಂಡೆ, ಆದರೆ ಒಂದಕ್ಕೊಂದು ಜೋಡಿಸಿ ನೋಡಲಿಲ್ಲ.

ನಾಡಿ ಹಿಡಿದೆ, ಸರಿಯಿತ್ತು. ಅಪಸ್ಮಾರವೆಂದು ನಿರ್ಣಯಿಸಿ ಬ್ರಾಹ್ಮೀಘೃತವನ್ನೂ ಸಾರಸ್ವತಾರಿಷ್ಟವನ್ನೂ ಕೊಟ್ಟೆ. ನಾಲ್ಕೈದು ತಿಂಗಳು ಹುಡುಗ ಬೀಳಲಿಲ್ಲ. ಔಷಧ ಹಿಡಿಯಿತೆಂದು ಅವರೂ ನಂಬಿದರು, ನಾನೂ ನಂಬಿದೆ. ಮದ ಮತ್ತು ಮೂರ್ಛೆಗಳು ವೇಗ ಇಳಿದ ಮೇಲೆ ತಾವೇ ಶಮನವಾಗುತ್ತವೆ ಎಂಬ ಅರ್ಥದ ಮಾತು ಚರಕಸಂಹಿತೆಯ ಸೂತ್ರಸ್ಥಾನದ 24ನೆಯ ಅಧ್ಯಾಯದಲ್ಲಿದೆ. ಅದನ್ನು ಓದಿಯೂ, ತಾನಾಗಿ ಶಮನವಾದುದರ ಕೀರ್ತಿಯನ್ನು ನನ್ನ ಔಷಧಕ್ಕೆ ಕೊಟ್ಟುಕೊಂಡೆ. ಎರಡು ವರ್ಷಗಳ ಬಳಿಕ ಬೇಸಿಗೆಯಲ್ಲಿ ಆ ಹುಡುಗ ಊರ ಮುಂದಿನ ಕಟ್ಟೆಯಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ. ಅವನಿಗೆ ಈಜು ಚೆನ್ನಾಗಿಯೇ ಬರುತ್ತಿತ್ತು. ನೀರು ಸೆಳೆಯಿತೆಂದು ಜನ ಆಡಿಕೊಂಡರು. ನಾನು ಮಣ್ಣಿಗೆ ಹೋಗಿ ಬಂದೆ.

ಆ ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದರು. ಹಿರಿಯ ಮಗ ಆರೋಗ್ಯವಂತ. ಕೊನೆಯ ಹೆಣ್ಣುಮಗುವಿಗೆ ಮಾತ್ರ ಕಿವಿ ಕೇಳಿಸದು. ಅವಳು 6 ವರ್ಷದವಳಾಗಿದ್ದಾಗ ಅಂಗಳದಲ್ಲಿ ಓಡುತ್ತ ಬಿದ್ದಳು. ಈ ಬಾರಿ ತಾಯಿ ನನ್ನಲ್ಲಿಗೆ ಬರಲಿಲ್ಲ. ಅದನ್ನು ನಾನು ಇಂದಿಗೂ ಅವರ ವಿವೇಕವೆಂದೇ ಭಾವಿಸುತ್ತೇನೆ. ತುಮಕೂರಿನಲ್ಲಿ ಮಗುವನ್ನು ಕಂಡ ತರುಣ ವೈದ್ಯರೊಬ್ಬರು, ಕಿವುಡುತನ ಮತ್ತು ಮೂರ್ಛೆ ಒಂದೇ ಮನೆಯ ಮೂರು ಮಕ್ಕಳಲ್ಲಿ ಕಂಡವೆಂಬುದನ್ನು ಕೇಳಿದೊಡನೆ ಇಸಿಜಿ ತೆಗೆಸಿದರು. ಆ ಕಾಗದವನ್ನು ಹಿಡಿದು ತಂದೆ ನನ್ನಲ್ಲಿಗೆ ಬಂದು, "ಇದರಲ್ಲಿ ಏನಿದೆ ಅಂತ ನೀವೂ ಒಂದು ಸಲ ನೋಡಿ ಸ್ವಾಮಿ" ಎಂದರು. ಅವರು ನನ್ನನ್ನು ದೂರಲಿಲ್ಲ. ಅಂದು ನನಗೆ ಆ ಕಾಗದವನ್ನು ಓದಲು ಬರುತ್ತಿರಲಿಲ್ಲ. ಬಳಿಕ ಕಲಿತೆ.

ಇಸಿಜಿ ಕಾಗದ ಏನು ಹೇಳುತ್ತದೆ

ಹೃದಯದ ಪ್ರತಿಯೊಂದು ಬಡಿತಕ್ಕೂ ಮುನ್ನ ಅದರ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಅಲೆಯೊಂದು ಹರಿಯುತ್ತದೆ. ಅದನ್ನು ಮೈಮೇಲಿನಿಂದಲೇ ಹಿಡಿದು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವೇ ಇಸಿಜಿ. ಹಾಲೆಂಡಿನ ಐಂಟ್‌ಹೋವನ್ ಎಂಬ ವಿಜ್ಞಾನಿ ಇದನ್ನು ರೂಢಿಗೆ ತಂದು, 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಗೆರೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳನ್ನು ಇಟ್ಟವರೂ ಅವರೇ. ಕ್ಯೂ ಎಂಬಲ್ಲಿ ಹೃದಯದ ಕೆಳಗಿನ ಕೋಣೆಗಳಿಗೆ ವಿದ್ಯುತ್ತು ಹರಿಯಲು ತೊಡಗುತ್ತದೆ. ಟಿ ಮುಗಿಯುವಲ್ಲಿ ಆ ಕೋಣೆಗಳು ಮುಂದಿನ ಬಡಿತಕ್ಕೆ ಮರಳಿ ಸಿದ್ಧವಾಗುತ್ತವೆ. ಈ ಎರಡರ ನಡುವಣ ಕಾಲವನ್ನು ಕ್ಯೂಟಿ ಎನ್ನುತ್ತಾರೆ. ಲೇಖನದ ಆರಂಭದಲ್ಲಿ ನಾನು ಹೇಳಿದ ಅಳತೆ ಇದೇ.

ಕೆರೆಯ ತೂಬನ್ನು ಬಲ್ಲ ನಮ್ಮ ಸೀಮೆಯ ಜನರಿಗೆ ಇದನ್ನು ತಿಳಿಸುವುದು ಸುಲಭ. ಹೃದಯದ ಪ್ರತಿಯೊಂದು ಕೋಶದ ಗೋಡೆಯಲ್ಲಿಯೂ ಪೊಟ್ಯಾಸಿಯಂ ಎಂಬ ಲವಣ ಹೊರಹೋಗುವ ಅತಿಸೂಕ್ಷ್ಮ ತೂಬುಗಳಿವೆ. ಬಡಿತವಾದ ಮೇಲೆ ಈ ತೂಬುಗಳು ತೆರೆದು ಲವಣವು ಹೊರಗೆ ಹರಿದರೆ ಕೋಶವು ಶಾಂತಸ್ಥಿತಿಗೆ ಬರುತ್ತದೆ. ಹುಟ್ಟಿನಿಂದಲೇ ತೂಬು ಸರಿಯಾಗಿ ತೆರೆಯದಿದ್ದರೆ ಕೋಶವು ಶಾಂತವಾಗಲು ತಡವಾಗುತ್ತದೆ; ಕಾಗದದ ಮೇಲೆ ಕ್ಯೂಟಿ ಉದ್ದವಾಗುತ್ತದೆ. ಹಿಂದಿನ ಬಡಿತ ಮುಗಿಯುವ ಮುನ್ನ ಹೊಸ ಅಲೆಯೊಂದು ಬಂದು ತಾಕಿದರೆ ಹೃದಯವು ಬಡಿಯುವುದನ್ನು ಬಿಟ್ಟು ಸುಮ್ಮನೆ ನಡುಗಲಾರಂಭಿಸುತ್ತದೆ. ಆಗ ರಕ್ತವು ಮಿದುಳನ್ನು ಮುಟ್ಟುವುದಿಲ್ಲ, ಮಗು ಬೀಳುತ್ತದೆ. ನಡುಕ ತಾನೇ ನಿಂತರೆ ಮಗು ಏಳುತ್ತದೆ. ನಿಲ್ಲದಿದ್ದರೆ ಏಳುವುದಿಲ್ಲ. ಮೂರ್ಛೆಗೂ ಮರಣಕ್ಕೂ ಇಲ್ಲಿರುವ ಅಂತರ ಇಷ್ಟೇ. ಈ ರೋಗಕ್ಕೆ ಲಾಂಗ್ ಕ್ಯೂಟಿ ಸಿಂಡ್ರೋಮ್ ಎಂದು ಹೆಸರು.

ಇಸಿಜಿ ಕಾಗದವು ಸೆಕೆಂಡಿಗೆ 25 ಮಿಲಿಮೀಟರಿನಂತೆ ಓಡುತ್ತದೆ. ಆದ್ದರಿಂದ ಅದರ ಮೇಲಿನ ಒಂದು ಸಣ್ಣ ಚೌಕವೆಂದರೆ ಸೆಕೆಂಡಿನ 25ನೆಯ ಒಂದು ಭಾಗ, ಅಂದರೆ 40 ಮಿಲಿಸೆಕೆಂಡು. ಆ ಹೆಣ್ಣುಮಗುವಿನ ಕಾಗದದಲ್ಲಿ ಒಂದು ಬಡಿತದಿಂದ ಮುಂದಿನ ಬಡಿತಕ್ಕೆ 18 ಚೌಕಗಳಿದ್ದವು. ಕ್ಯೂಟಿ 12 ಚೌಕಗಳಷ್ಟಿತ್ತು. ಸಾಮಾನ್ಯ ವೇಗದಲ್ಲಿ ಬಡಿಯುವ ಹೃದಯದಲ್ಲಿ ಕ್ಯೂಟಿಯು ಎರಡು ಬಡಿತಗಳ ಅಂತರದ ಅರ್ಧವನ್ನು ಮೀರಬಾರದು ಎಂಬುದು ಕಣ್ಣಳತೆಯ ನಿಯಮ. ಇಲ್ಲಿ 9 ಚೌಕಗಳ ಒಳಗಿರಬೇಕಾದದ್ದು 12 ಆಗಿತ್ತು. ಬಡಿತದ ವೇಗಕ್ಕೆ ತಕ್ಕಂತೆ ಇದನ್ನು ತಿದ್ದಿಕೊಳ್ಳಲು 1920ರಲ್ಲಿ ಬ್ಯಾಜೆಟ್ ಎಂಬವರು ಕೊಟ್ಟ ಸೂತ್ರವೊಂದಿದೆ. ಅದರಂತೆ ಲೆಕ್ಕಹಾಕಿದರೆ ಸುಮಾರು 565 ಮಿಲಿಸೆಕೆಂಡು ಬರುತ್ತದೆ. ಹೀಗೆ ತಿದ್ದಿದ ಅಳತೆಯು ಗಂಡಸರಲ್ಲಿ 450, ಹೆಂಗಸರಲ್ಲಿ 460ರ ಒಳಗಿದ್ದರೆ ಸಹಜ. 480ನ್ನು ಮುಟ್ಟಿದರೆ ರೋಗವೆಂದೇ ಶಂಕಿಸಬೇಕು. 500ನ್ನು ದಾಟಿದರೆ ಅಪಾಯ ಹೆಚ್ಚು. ಎರಡು ಗೆರೆಗಳ ನಡುವಿನ ಚೌಕಗಳನ್ನು ಎಣಿಸಬಲ್ಲವರಾರೂ ಕಾಣಬಹುದಾಗಿದ್ದ ಸಂಗತಿ ಅದು. ಆ ಹುಡುಗನಿಗೂ ಇಂತಹ ಒಂದು ಕಾಗದ ತೆಗೆಸಿದ್ದರೆ ಕಾಣುತ್ತಿತ್ತು.

ಕಿವಿಗೂ ಹೃದಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಭಾಗವು ಪೊಟ್ಯಾಸಿಯಂ ತುಂಬಿದ ದ್ರವದಲ್ಲಿರುತ್ತದೆ. ಆ ದ್ರವವನ್ನು ತುಂಬುವುದೂ ಅದೇ ಬಗೆಯ ತೂಬು. ಬೀಜದ ಎರಡು ಪ್ರತಿಗಳೂ ಕೆಟ್ಟಾಗ ಕಿವಿ, ಹೃದಯಗಳೆರಡೂ ಕೆಡುತ್ತವೆ. ನಾರ್ವೆ ದೇಶದ ಜೆರ್ವೆಲ್ ಮತ್ತು ಲಾಂಗೆ-ನೀಲ್ಸೆನ್ ಎಂಬ ವೈದ್ಯರು 1957ರಲ್ಲಿ ಇಂತಹ ಒಂದು ಕುಟುಂಬವನ್ನು ವರ್ಣಿಸಿದರು. ಆರು ಮಕ್ಕಳಲ್ಲಿ ನಾಲ್ವರು ಕಿವುಡರು, ನಾಲ್ವರಿಗೂ ಮೂರ್ಛೆ. ಅವರಲ್ಲಿ ಮೂವರು 4, 5 ಮತ್ತು 9ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ಅದಕ್ಕೂ ನೂರು ವರ್ಷ ಮುನ್ನ, 1856ರಲ್ಲಿ, ಜರ್ಮನಿಯ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಸಣ್ಣ ತಪ್ಪಿಗಾಗಿ ಮುಖ್ಯಸ್ಥರ ಮುಂದೆ ಕರೆಸಿದ ಹುಡುಗಿಯೊಬ್ಬಳು ನಿಂತಲ್ಲಿಯೇ ಕುಸಿದು ಸತ್ತಳೆಂದು ಮೈಸ್ನರ್ ಎಂಬವರು ದಾಖಲಿಸಿದ್ದಾರೆ. ಅವಳ ತಂದೆತಾಯಿಗಳು ಆಶ್ಚರ್ಯಪಡಲಿಲ್ಲವಂತೆ. ಅವರ ಇನ್ನಿಬ್ಬರು ಮಕ್ಕಳು ಅದಕ್ಕೆ ಮೊದಲೇ, ಒಬ್ಬರು ಭಯದಿಂದ ಇನ್ನೊಬ್ಬರು ಕೋಪದಿಂದ, ಹೀಗೆಯೇ ತೀರಿಕೊಂಡಿದ್ದರು. ನಮ್ಮ ಹೋಬಳಿಯ ಆ ತಾಯಿ ನನಗೆ ಹೇಳಿದ ಕಥೆಯೂ ಇದೇ ಆಗಿತ್ತು.

ಕಿವಿ ಚೆನ್ನಾಗಿದ್ದವರಲ್ಲಿಯೂ ಉಂಟು

ಕಿವುಡುತನದೊಡನೆ ಬರುವ ಬಗೆ ವಿರಳ. ಕಿವಿ ಸರಿಯಾಗಿದ್ದು ಹೃದಯವೊಂದರಲ್ಲಿಯೇ ದೋಷವಿರುವ ಬಗೆಯೇ ಹೆಚ್ಚು. ಸುಮಾರು 2000 ಮಂದಿಯಲ್ಲಿ ಒಬ್ಬರಿಗೆ ಇರಬಹುದೆಂಬುದು ತಜ್ಞರ ಅಂದಾಜು. ಇಟಲಿಯ ರೊಮಾನೊ 1963ರಲ್ಲಿಯೂ ಐರ್ಲೆಂಡಿನ ವಾರ್ಡ್ 1964ರಲ್ಲಿಯೂ ಇದನ್ನು ಬೇರೆಬೇರೆಯಾಗಿ ಗುರುತಿಸಿದರು. ಇಲ್ಲಿ ಬೀಜದ ಒಂದು ಪ್ರತಿ ಕೆಟ್ಟಿದ್ದರೂ ಸಾಕು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಯಾವ ಸಂದರ್ಭದಲ್ಲಿ ಬೀಳುತ್ತಾರೆಂಬುದರಿಂದ ಯಾವ ಬಗೆಯೆಂದು ಊಹಿಸಬಹುದು. ಮೊದಲ ಬಗೆಯವರು ಓಡುವಾಗ, ಅದರಲ್ಲಿಯೂ ಈಜುವಾಗ ಬೀಳುತ್ತಾರೆ. ಇವರ ಟಿ ಅಲೆ ಅಗಲವಾಗಿರುತ್ತದೆ. ಎರಡನೆಯ ಬಗೆಯವರು ನಿದ್ರೆಯಲ್ಲಿರುವಾಗ ಅಲಾರಾಂ ಅಥವಾ ಫೋನು ಹಠಾತ್ತನೆ ಬಡಿದುಕೊಂಡರೆ ಬೀಳುತ್ತಾರೆ; ಹೆರಿಗೆಯ ನಂತರದ ತಿಂಗಳುಗಳಲ್ಲಿ ಬಾಣಂತಿಯರಿಗೆ ಇದರ ಅಪಾಯ ಹೆಚ್ಚು; ಇವರ ಟಿ ಅಲೆ ತಗ್ಗಾಗಿದ್ದು ನಡುವೆ ಗಚ್ಚು ಬಿದ್ದಂತಿರುತ್ತದೆ. ಮೂರನೆಯ ಬಗೆಯವರಿಗೆ ವಿಶ್ರಾಂತಿಯಲ್ಲಿ, ನಿದ್ರೆಯಲ್ಲಿ ಅಪಾಯ. ಇವರಲ್ಲಿ ಗೆರೆ ಬಹುದೂರ ಸಪಾಟಾಗಿ ಸಾಗಿ ಟಿ ಅಲೆ ತಡವಾಗಿ, ಮೊನಚಾಗಿ ಏಳುತ್ತದೆ.

ಇನ್ನೂ ಎರಡು ರೋಗಗಳು ಈ ಕುಲಕ್ಕೆ ಸೇರಿವೆ. ಬ್ರುಗಾಡಾ ಎಂಬ ಸಹೋದರರು 1992ರಲ್ಲಿ ವಿವರಿಸಿದ ರೋಗದಲ್ಲಿ ಎದೆಯ ಬಲಭಾಗದ ಗೆರೆಗಳು ಕಮಾನಿನಂತೆ ಮೇಲೆದ್ದು ಕೆಳಗಿಳಿಯುತ್ತವೆ. ಇದು ಹೆಚ್ಚಾಗಿ ಗಂಡಸರನ್ನು, ರಾತ್ರಿ ನಿದ್ರೆಯಲ್ಲಿ, ಎಷ್ಟೋ ವೇಳೆ ಜ್ವರವಿದ್ದಾಗ ಬಾಧಿಸುತ್ತದೆ. ಇನ್ನೊಂದು ರೋಗದಲ್ಲಿ ಮಲಗಿಸಿ ತೆಗೆದ ಇಸಿಜಿ ಪೂರ್ಣ ಸಹಜವಾಗಿಯೇ ಇರುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದಾಗ ಮಾತ್ರ ದೋಷ ಹೊರಬೀಳುತ್ತದೆ. ಆದ್ದರಿಂದ ಒಂದು ಇಸಿಜಿ ಸರಿಯಿದೆಯೆಂದು ಮೂರ್ಛೆಯ ವಿಚಾರವನ್ನು ಅಲ್ಲಿಗೇ ಕೈಬಿಡಬಾರದು. ಲಾಂಗ್ ಕ್ಯೂಟಿ ಇರುವ ಕೆಲವರಲ್ಲಿಯೂ ಒಂದು ದಿನದ ಕಾಗದ ಸಹಜವಾಗಿ ಕಾಣಬಹುದು. ಓಡುವಾಗ ಬೀಳುವ ಮಗುವನ್ನು ಹೃದ್ರೋಗ ತಜ್ಞರು ನೋಡಲೇಬೇಕು.

ಮಿದುಳಿನ ಅಪಸ್ಮಾರವನ್ನೂ ಹೃದಯದ ಮೂರ್ಛೆಯನ್ನೂ ಮನೆಯವರೇ ಸ್ವಲ್ಪಮಟ್ಟಿಗೆ ಬೇರ್ಪಡಿಸಬಹುದು. ಹೃದಯದ ಮೂರ್ಛೆಗೆ ಬಹುಮಟ್ಟಿಗೆ ಒಂದು ನೆಪವಿರುತ್ತದೆ: ಓಟ, ಈಜು, ಭಯ, ಕೋಪ, ಹಠಾತ್ ಶಬ್ದ. ಬಿದ್ದವರ ಮುಖ ಬಿಳಿಚಿಕೊಳ್ಳುತ್ತದೆ. ಎದ್ದ ಮೇಲೆ ಅವರಿಗೆ ಬೇಗನೆ ಪೂರ್ಣ ಪ್ರಜ್ಞೆ ಬರುತ್ತದೆ. ಅಪಸ್ಮಾರದಲ್ಲಿ ಎದ್ದ ಮೇಲೂ ಬಹಳ ಹೊತ್ತು ಮಂಪರು, ಗೊಂದಲಗಳಿರುವುದು ಸಾಮಾನ್ಯ. ಕೈಕಾಲು ಅದುರುವುದು, ಮೂತ್ರವಾಗುವುದು ಎರಡರಲ್ಲಿಯೂ ಉಂಟು. ನಾನು ಮೋಸಹೋದದ್ದು ಇಲ್ಲಿಯೇ. ಮಿದುಳಿನ ಪರೀಕ್ಷೆಗೆ ಸಾವಿರಾರು ರೂಪಾಯಿ ವೆಚ್ಚಮಾಡಿದ ತಂದೆತಾಯಿಗಳು ಕೆಲವೇ ನಿಮಿಷಗಳ ಇಸಿಜಿಯನ್ನು ಒಮ್ಮೆಯೂ ತೆಗೆಸದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ನಮ್ಮ ವೈದ್ಯಪದ್ಧತಿಯವರಿಗೆ ಒಂದು ಮಾತು

ನನ್ನ ಸಹವೈದ್ಯರಲ್ಲಿ ಕೆಲವರಿಗೆ ಈ ಮಾತು ರುಚಿಸದಿರಬಹುದು. ಬೀಜದಿಂದ ಬರುವ ರೋಗಗಳನ್ನು ಸುಶ್ರುತರು ಆದಿಬಲಪ್ರವೃತ್ತವೆಂದು ಕರೆದು ಪ್ರತ್ಯೇಕ ವರ್ಗವನ್ನೇ ಮಾಡಿದ್ದಾರೆ. ಬೀಜದ ಯಾವ ಭಾಗ ಕೆಡುವುದೋ ಅದರಿಂದಾಗುವ ಅವಯವ ಕೆಡುವುದೆಂಬ ವಿಚಾರ ಚರಕರ ಶಾರೀರಸ್ಥಾನದಲ್ಲಿದೆ. ಹೃದಯವನ್ನು ಮೂರು ಮಹಾಮರ್ಮಗಳಲ್ಲಿ ಒಂದೆಂದು ನಾವೇ ಓದಿದ್ದೇವೆ. ತತ್ತ್ವ ನಮ್ಮಲ್ಲಿತ್ತು, ಸೆಕೆಂಡಿನ 25ನೆಯ ಭಾಗವನ್ನು ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ. ನಾಡಿಯಲ್ಲಿ ವೇಗವನ್ನೂ ಬಲವನ್ನೂ ಕಾಣಬಹುದು, ಕ್ಯೂಟಿಯನ್ನು ಕಾಣಲಾಗದು. ಎಷ್ಟೇ ಅನುಭವವಿದ್ದರೂ ಬೆರಳಿಗೆ ಅದು ಸಿಕ್ಕುವ ವಸ್ತುವಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಶಾಸ್ತ್ರಕ್ಕೆ ಯಾವ ಕುಂದೂ ಇಲ್ಲ.

ಈ ರೋಗಿಗಳಿಗೆ ನಮ್ಮಿಂದ ಹಾನಿಯಾಗುವ ದಾರಿಗಳೂ ಉಂಟು. ವಮನ, ವಿರೇಚನಗಳಿಂದ ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಕ್ಯೂಟಿ ಮತ್ತಷ್ಟು ಉದ್ದವಾಗುತ್ತದೆ. ಅತಿಮಧುರ, ಅಂದರೆ ಜ್ಯೇಷ್ಠಮಧುವನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಕೊಟ್ಟರೂ ಪೊಟ್ಯಾಸಿಯಂ ಇಳಿಯುತ್ತದೆ. ವತ್ಸನಾಭ ಸೇರಿದ ರಸೌಷಧಗಳು ಹೃದಯದ ಗತಿಯನ್ನೇ ಕೆಡಿಸಬಲ್ಲವು. ಆದ್ದರಿಂದ ಮೂರ್ಛೆಯ ಇತಿಹಾಸವಿರುವವರಿಗೆ ಪಂಚಕರ್ಮಕ್ಕೆ ಮುನ್ನ ಇಸಿಜಿ ತೆಗೆಸದೆ ನಾನು ಕೈಹಾಕುವುದಿಲ್ಲ. ಅಲೋಪತಿಯಲ್ಲಿಯೂ ಇಂತಹ ಔಷಧಗಳಿವೆ: ಅಜಿಥ್ರೋಮೈಸಿನ್, ಎರಿಥ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್ ಮೊದಲಾದ ಆಂಟಿಬಯಾಟಿಕ್‌ಗಳು, ವಾಂತಿಗೆ ಕೊಡುವ ಡೊಂಪೆರಿಡೋನ್ ಮತ್ತು ಒಂಡಾನ್ಸೆಟ್ರಾನ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್. ಇವು ಇತರರಿಗೆ ಉಪಕಾರಿಯಾದರೂ ಲಾಂಗ್ ಕ್ಯೂಟಿ ಇರುವವರಿಗೆ ಅಪಾಯ ತರಬಲ್ಲವು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ಪಡೆಯುವ ಅಭ್ಯಾಸ ಈ ಮನೆಗಳವರಿಗೆ ಸಲ್ಲದು. ವಾಂತಿಭೇದಿಯಾದಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಪ್ರೊಪ್ರನೊಲಾಲ್, ನಾಡೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆಗಳೇ ಇದರ ಮೊದಲ ಔಷಧ; ಪ್ರೊಪ್ರನೊಲಾಲ್ ಬಡವರಿಗೂ ಎಟುಕುವ ಬೆಲೆಯದು. ಅದು ಸಾಲದಿದ್ದರೆ ಹೃದಯಕ್ಕೆ ಹೋಗುವ ಎಡಭಾಗದ ನರಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ, ಇಲ್ಲವೆ ನಡುಕ ಬಂದೊಡನೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಪುಟ್ಟ ಯಂತ್ರ. ತೊರೆಮತ್ತಿಯ ಚಕ್ಕೆಯನ್ನು ಹೃದಯದ ಬಲಕ್ಕಾಗಿ ನಾನೂ ಬಳಸುತ್ತೇನೆ. ಆದರೆ ಈ ರೋಗದಲ್ಲಿ ಅದು ಆ ಮಾತ್ರೆಗೆ ಬದಲಿಯಾಗದು. ಒಂದು ದಿನವೂ ಮಾತ್ರೆ ತಪ್ಪಿಸಬೇಡಿ, ಯಾವ ವೈದ್ಯರು ಬಿಡಿಸಿದರೂ ಹೃದ್ರೋಗ ತಜ್ಞರನ್ನು ಕೇಳದೆ ಬಿಡಬೇಡಿ ಎಂದೇ ನಾನು ನನ್ನ ರೋಗಿಗಳಿಗೆ ಹೇಳುವುದು.

ಸಂಬಂಧದೊಳಗಿನ ಮದುವೆ

ಇನ್ನು ನಮ್ಮ ಮನೆಗಳ ವಿಚಾರ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧಿಗಳ ನಡುವೆಯೇ ನಡೆದದ್ದೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಪ್ರೀತಿಯಿಂದಲೇ ಬಂದ ರೂಢಿ. ಹೊಲಮನೆ ಒಡೆಯದಿರಲಿ, ಮಗಳು ಕಣ್ಮುಂದೆ ಇರಲಿ ಎಂಬುದು ಹಿರಿಯರ ಆಶಯ. ಅಂತಹ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದರೂ ಒಂದೇ ಮೂಲದಿಂದ ಬಂದ ಕೆಟ್ಟ ಪ್ರತಿ ಗಂಡಹೆಂಡಿರಿಬ್ಬರಲ್ಲಿಯೂ ಇರುವ ಸಂಭವ ಇಂತಹ ಮದುವೆಯಲ್ಲಿ ಹೆಚ್ಚು. ಹಾಗಿದ್ದಲ್ಲಿ ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನಾಲ್ಕು ಮಕ್ಕಳಲ್ಲಿ ಮೂವರಿಗೆ ಬಂದದ್ದು ಆ ಮನೆಯವರ ದುರ್ದೈವ. ಚರಕರು ಶಾರೀರಸ್ಥಾನದ ಎರಡನೆಯ ಅಧ್ಯಾಯಕ್ಕೆ ಅತುಲ್ಯಗೋತ್ರೀಯವೆಂದು ಹೆಸರಿಟ್ಟು, ಬೇರೆ ಗೋತ್ರದವರ ಕೂಡುವಿಕೆಯಿಂದಲೇ ಗರ್ಭದ ವಿಚಾರವನ್ನು ಆರಂಭಿಸಿದ್ದಾರೆ. ಈಗಾಗಲೇ ಸಂಬಂಧದಲ್ಲಿ ಮದುವೆಯಾದವರು ಅಪರಾಧಭಾವ ತಾಳಬೇಕಿಲ್ಲ. ಮುಂದೆ ಕೂಡಿಸುವವರು ಒಮ್ಮೆ ಯೋಚಿಸಲಿ. ಮನೆತನದಲ್ಲಿ ಹುಟ್ಟುಕಿವುಡರೋ ಎಳೆವಯಸ್ಸಿನ ಹಠಾತ್ ಸಾವೋ ಇದ್ದರೆ ಸಂಬಂಧದೊಳಗೆ ಕೊಡುಕೊಳ್ಳುವುದನ್ನು ಬಿಡಲಿ.

ಸಾವಿನ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ನಾಡನ್ನೇ ಕಂಗೆಡಿಸಿತು; ಅವರಲ್ಲಿ ತರುಣರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದ ಸಾಲುಗಟ್ಟಿದರು. ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ಅಂದಿನ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಅಸಹಜವಾದ ಏರಿಕೆಯೇನೂ ಕಂಡುಬಂದಿಲ್ಲವೆಂದು ಸಮಿತಿ ತಿಳಿಸಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿಮಾಡಬೇಕು, ಶವಪರೀಕ್ಷೆ ನಡೆಸಬೇಕು ಎಂದು ಆ ಬಳಿಕ ಸರ್ಕಾರ ಪ್ರಕಟಿಸಿತು. ಆ ಸಾವುಗಳಿಗೆ ಬೀಜದೋಷವೇ ಕಾರಣವೆಂದು ನಾನು ಹೇಳುತ್ತಿಲ್ಲ. ನಡುವಯಸ್ಸಿನವರಲ್ಲಿ ರಕ್ತನಾಳ ಕಟ್ಟಿಕೊಳ್ಳುವುದೇ ಮುಖ್ಯ ಕಾರಣ. ಆದರೆ ಮಕ್ಕಳು ಮತ್ತು ಎಳೆಯರು ಹೀಗೆ ತೀರಿಕೊಂಡಾಗ ಹಾರ್ಟ್ ಅಟ್ಯಾಕ್ ಎಂಬ ಒಂದು ಮಾತಿನಲ್ಲಿ ವಿಚಾರವನ್ನು ಮುಗಿಸುವುದು ಬದುಕಿರುವ ಅಣ್ಣತಮ್ಮಂದಿರಿಗೆ ಮಾಡುವ ಅನ್ಯಾಯ.

ಶವಪರೀಕ್ಷೆಯೆಂದರೆ ನಮ್ಮವರಿಗೆ ಅಳುಕು. ಇಷ್ಟಲಿಂಗವನ್ನು ಧರಿಸಿದ ದೇಹವನ್ನು ಕತ್ತರಿಸಬೇಕೆ, ಹಾಗೆಯೇ ಕ್ರಿಯಾಸಮಾಧಿ ಮಾಡಬಾರದೆ ಎಂದು ಎಷ್ಟೋ ಮನೆಗಳಲ್ಲಿ ಕೇಳಿದ್ದಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಶವಪರೀಕ್ಷೆ ಆಗಲಿ ಎಂದೇ ನಾನು ಹೇಳುತ್ತೇನೆ. ಅದು ಉಳಿದ ಮಕ್ಕಳ ಜೀವಕ್ಕಾಗಿ. ಈ ರೋಗದಲ್ಲಿ ಹೃದಯದ ರಚನೆ ಸರಿಯಾಗಿಯೇ ಇರುವುದರಿಂದ ಶವಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಏನೂ ಕಾಣದಿರುವುದೇ ಅಲ್ಲಿ ಒಂದು ಸುಳಿವು. ಆಗ ರಕ್ತದ ಮಾದರಿಯನ್ನು ಜೀನ್ ಪರೀಕ್ಷೆಗಾಗಿ ಉಳಿಸಿಡುವಂತೆ ಕೇಳಬಹುದು. ಶವಪರೀಕ್ಷೆ ಆಗಲಿ, ಆಗದಿರಲಿ, ತಂದೆ, ತಾಯಿ, ಒಡಹುಟ್ಟಿದವರು ಎಲ್ಲರೂ ತಿಥಿ ಮುಗಿದ ವಾರದಲ್ಲಿಯೇ ಇಸಿಜಿ ತೆಗೆಸಿಕೊಳ್ಳಬೇಕು. ಹೋದವರ ಹೃದಯದ ಗೆರೆಯನ್ನು ಇನ್ನು ಬರೆಯಲಾಗದು. ಅದೇ ಬೀಜದಿಂದ ಬಂದವರ ಗೆರೆಯನ್ನು ಬರೆಯಬಹುದು. ಈಜು ಬಲ್ಲವನು ನೀರಿನಲ್ಲಿ ಮುಳುಗಿದ ಮನೆಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಎಲ್ಲ ಮಕ್ಕಳಿಗೂ ಇಸಿಜಿ ತೆಗೆಸಬೇಕೆ? ಬೇಡವೆಂಬುದೇ ನನ್ನ ಅಭಿಪ್ರಾಯ. ಸಾವಿರಾರು ಕಾಗದಗಳನ್ನು ಸರಿಯಾಗಿ ಓದುವವರಿಲ್ಲದೆ ತೆಗೆದರೆ ಆರೋಗ್ಯವಂತ ಮಕ್ಕಳ ತಂದೆತಾಯಿಗಳಿಗೆ ವೃಥಾ ಭೀತಿ, ರೋಗವಿರುವವರಿಗೆ ಸುಳ್ಳು ಧೈರ್ಯ ಎರಡೂ ಆಗುತ್ತವೆ. ಆದರೆ ನಾಲ್ಕು ವರ್ಗದವರಿಗೆ ಬಿಡದೆ ಆಗಬೇಕು: ಒಮ್ಮೆಯಾದರೂ ಮೂರ್ಛೆ ಹೋದ ಮಕ್ಕಳು, ಹುಟ್ಟಿನಿಂದ ಕಿವಿ ಕೇಳಿಸದ ಮಕ್ಕಳು, 40 ವರ್ಷದೊಳಗೆ ಹಠಾತ್ತನೆ ತೀರಿಕೊಂಡವರ ಒಡಹುಟ್ಟಿದವರು ಮತ್ತು ಮಕ್ಕಳು, ಅಪಸ್ಮಾರಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರೂ ಬೀಳುವುದು ನಿಲ್ಲದವರು. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿಯೂ ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇಸಿಜಿ ತೆಗೆಯುತ್ತಾರೆ. ಕಾಗದ ಕೈಗೆ ಬಂದಾಗ "ನಾರ್ಮಲ್ ಇದೆಯಾ?" ಎಂದಷ್ಟೇ ಕೇಳಬೇಡಿ, "ಕ್ಯೂಟಿ ಎಷ್ಟಿದೆ ಡಾಕ್ಟರೇ, ಕೈಯಿಂದ ಅಳೆದು ನೋಡಿದಿರಾ?" ಎಂದು ಕೇಳಿ. ಯಂತ್ರವು ತಾನೇ ಮುದ್ರಿಸುವ ಅಂಕಿ ತಪ್ಪುವುದುಂಟು.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದಿ ಹೇಳುವ ವ್ಯವಸ್ಥೆ ಅದರಲ್ಲಿದೆ. ರಕ್ತನಾಳ ಕಟ್ಟಿದೆಯೇ ಎಂಬ ಒಂದು ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕುತ್ತಾರೆ. ಅದೇ ದಾರಿಯಲ್ಲಿ, ಮೂರ್ಛೆ ಹೋದ ಮಗುವಿನ ಕ್ಯೂಟಿ ಎಷ್ಟು ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳುವಂತಾಗಲಿ ಎಂಬುದು ಸರ್ಕಾರಕ್ಕೆ ನನ್ನ ವಿನಂತಿ. ಮಠದ ವಿದ್ಯಾರ್ಥಿನಿಲಯಕ್ಕೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಈ ನಾಲ್ಕು ವಿಷಯಗಳನ್ನು ಕೇಳಿ ಬರೆದುಕೊಳ್ಳಲಿ, ಜಾತ್ರೆಯ ಆರೋಗ್ಯ ಶಿಬಿರದಲ್ಲಿ ಅಂತಹ ಮಕ್ಕಳಿಗೆ ಇಸಿಜಿ ತೆಗೆಸಲಿ ಎಂಬುದು ಪೂಜ್ಯರ ಸನ್ನಿಧಿಯಲ್ಲಿ ನನ್ನ ಅರಿಕೆ.

ಒಬ್ಬರು ಕುಸಿದು ಬಿದ್ದಾಗ ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ. ಬಾಯಿಗೆ ನೀರು ಹಾಕಬೇಡಿ. ಮೂಗಿಗೆ ಈರುಳ್ಳಿ ಹಿಡಿಯುತ್ತ ಹೊತ್ತು ಕಳೆಯಬೇಡಿ. ಕರೆದರೆ ಓಗೊಡದೆ, ಉಸಿರಾಟ ಸಹಜವಾಗಿಲ್ಲದಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡು ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಬೇಕು. ಚಿಕ್ಕ ಮಗುವಾದರೆ ಒಂದೇ ಅಂಗೈ ಸಾಕು. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಬುಲೆನ್ಸ್ ಬರುವವರೆಗೆ ಒತ್ತುವುದನ್ನು ನಿಲ್ಲಿಸಬಾರದು. ಹಳ್ಳಿಯ ಪ್ರತಿಯೊಬ್ಬ ತರುಣನೂ ಇದನ್ನು ಕಲಿತಿರಬೇಕು.

ಆ ಹೆಣ್ಣುಮಗಳು ಬದುಕಿದ್ದಾಳೆ. 6ನೆಯ ವಯಸ್ಸಿನಿಂದ ಮಾತ್ರೆ ನುಂಗುತ್ತ ಬಂದಳು. 16ನೆಯ ವಯಸ್ಸಿನಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿ ಕೆಲವು ದಿನ ಮಾತ್ರೆ ತಪ್ಪಿಸಿ ಒಮ್ಮೆ ಬಿದ್ದಳು. ಅನಂತರ ಬೆಂಗಳೂರಿನಲ್ಲಿ ಐಸಿಡಿ ಅಳವಡಿಸಿದರು. ಹೊಲಿಗೆ ಕಲಿತು ತನ್ನ ಕಾಲಮೇಲೆ ನಿಂತಿದ್ದಾಳೆ. ಅವಳ ಮದುವೆಯ ಮಾತು ಬಂದಾಗ ಸೋದರಮಾವನ ಮಗನನ್ನು ಎಲ್ಲರೂ ಹೇಳಿದರೂ ತಂದೆ ಒಪ್ಪದೆ ಹೊರಗಿನ ಸಂಬಂಧವನ್ನು ತಂದರು. ಅವಳ ಮಗನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ತಾಯಿಯಿಂದ ಒಂದು ಕೆಟ್ಟ ಪ್ರತಿ ಅವನಿಗೆ ಬಂದೇ ಇರುವುದರಿಂದ ಪ್ರತಿವರ್ಷ ಅವನಿಗೂ ಇಸಿಜಿ ತೆಗೆಸುತ್ತಾರೆ. ಈ ವರ್ಷದ ಕಾಗದವನ್ನು ಅಜ್ಜಿ ನನ್ನಲ್ಲಿಗೆ ತಂದಿದ್ದರು. ನಾನು ಕನ್ನಡಕ ಹಾಕಿಕೊಂಡು ಚೌಕಗಳನ್ನು ಎಣಿಸಿದೆ. ತಜ್ಞರು ಬರೆದಿದ್ದ ಅಂಕಿಗೆ ಹೊಂದಿತು. "ಅವತ್ತೂ ಹಿಂಗೆ ನೋಡಿದ್ರೆ ಅವನೂ ಇರ್ತಿದ್ನೇನೋ ಅಲ್ವಾ ಸ್ವಾಮಿ" ಎಂದರು ಆಕೆ. ಇರುತ್ತಿದ್ದನಮ್ಮಾ ಎಂದೆ. ಆ ಉತ್ತರವನ್ನು ಇನ್ನೊಬ್ಬ ತಾಯಿಗೆ ಯಾವ ವೈದ್ಯನೂ ಕೊಡುವಂತಾಗದಿರಲಿ ಎಂದು ಇಷ್ಟನ್ನು ಬರೆದಿದ್ದೇನೆ.